‘ಹಿನಾನ್‌ಶಾ’ಗೆ ಕನ್ನಡದಲ್ಲಿ ಏನನ್ನೋಣ? ಸಂತ್ರಸ್ತ, ನಿರಾಶ್ರಿತ, ಸ್ಥಳಾಂತರಿತ

ಕೇಳ್ವಿ: ಫುಕುಶಿಮಾ ಅಣುದುರಂತದಲ್ಲಿ ಊರು ಬಿಟ್ಟವರ ಮಾನಸಿಕ ಆರೋಗ್ಯ ಕುರಿತ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಜಪಾನಿನವರು ಇವರನ್ನು ‘ಹಿನಾನ್‌ಶಾ’ ಅನ್ನುತ್ತಾರೆ. ಕರಡಿನಲ್ಲಿ ಒಂದೆಡೆ ನಿರಾಶ್ರಿತರು, ಇನ್ನೊಂದೆಡೆ ಸಂತ್ರಸ್ತರು, ಮತ್ತೊಂದೆಡೆ ಸ್ಥಳಾಂತರಿತರು ಎಂದಿದೆ. ಯಾವುದನ್ನು ಉಳಿಸುವುದು? ಮನಸ್ಸಿನ ಸಂಕಟ ಅಳೆಯುವ ‘ಕೆ6’ ಪ್ರಶ್ನಾವಳಿಯ ಈ ಎರಡು ಸಾಲನ್ನೂ ನೋಡಿ: ‘ಕಳೆದ 30 ದಿನಗಳಲ್ಲಿ ನಿಮಗೆ ನರದೌರ್ಬಲ್ಯ ಎನಿಸಿತ್ತೇ? ಎಲ್ಲವೂ ಪ್ರಯತ್ನ ಎನಿಸಿತ್ತೇ?’

ಉತ್ತರ: ಮೂರೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

‘ನಿರಾಶ್ರಿತ’ ಎಂದರೆ ನೆಲೆಯೇ ಇಲ್ಲದವರು. 2011ರ ಮಾರ್ಚ್ 12ರ ಸಂಜೆ ಸ್ಥಾವರದ ಸುತ್ತ 20 ಕಿ.ಮೀ. ಒಳಗಿನವರೆಲ್ಲ ಹೊರಡಬೇಕೆಂಬ ಆಜ್ಞೆ ಬಂದಾಗ, ಸುನಾಮಿ ಮುಟ್ಟದ ಒಳನಾಡಿನಲ್ಲಿ ಮನೆಗಳು ನಿಂತೇ ಇದ್ದವು. ಎರಡು ಮೂರು ದಿನಕ್ಕೆ ವಾಪಸು ಬರುತ್ತೇವೆಂದು ಹೊರಟವರೇ ಹೆಚ್ಚು. ಮನೆ ಇದೆ, ಹೋಗುವಂತಿಲ್ಲ. ಸತ್ತವರಿಗಾದರೆ ತಿಥಿ ಮಾಡಿ ಒಂದು ಹಂತಕ್ಕೆ ಮುಗಿಸಬಹುದು, ಬೀಗ ಹಾಕಿ ಬಂದ ಮನೆಗೆ ಏನು ಮಾಡುವುದು? ಅವರ ಕೊರಗಿನ ಬೇರು ಇಲ್ಲಿದೆ. ‘ನಿರಾಶ್ರಿತ’ ಅಂದರೆ ಇದೇ ಮರೆಯಾಗುತ್ತದೆ.

‘ಸಂತ್ರಸ್ತ’ದ ಮೂಲಾರ್ಥ ಹೆದರಿದವನು. ಆದರೆ ಆಲಮಟ್ಟಿಯ ಮುಳುಗಡೆ, ಕೃಷ್ಣೆಯ ನೆರೆ ಎಲ್ಲ ಆದಮೇಲೆ ನಮ್ಮಲ್ಲಿ ಸಂತ್ರಸ್ತ ಎಂದರೆ ಪರಿಹಾರದ ಪಟ್ಟಿಯಲ್ಲಿ ಹೆಸರಿರುವವನು. ಫುಕುಶಿಮಾದಲ್ಲಿ ಈ ಗೆರೆ ದೊಡ್ಡ ಗಾಯವೇ ಆಯಿತು. ಆಜ್ಞೆಯ ವಲಯದವರಿಗೆ ಮಾನಸಿಕ ಯಾತನೆಯ ಬಾಬ್ತು ತಲೆಗೆ ತಿಂಗಳಿಗೆ 1 ಲಕ್ಷ ಯೆನ್ ಸಿಕ್ಕಿತು. ವಲಯದ ಆಚೆಯಿಂದ, ಮಕ್ಕಳಿಗೆ ವಿಕಿರಣ ತಾಗೀತೆಂದು ತಾವಾಗಿ ಹೊರಟ ‘ಜಿಶು ಹಿನಾನ್‌ಶಾ’ಗಳಿಗೆ ಆ ಮಾಸಿಕ ಹಣವಿರಲಿಲ್ಲ. ಗಂಡ ಕೆಲಸಕ್ಕಾಗಿ ಅಲ್ಲೇ, ತಾಯಿ ಮಕ್ಕಳು ದೂರದ ಊರಲ್ಲಿ, ಹೀಗೆ ಒಡೆದ ಸಂಸಾರಗಳು ಇವರಲ್ಲಿ ಎಷ್ಟೋ. ಸಂತ್ರಸ್ತ ಅಂದರೆ ಇವರು ಹೊರಗುಳಿಯುತ್ತಾರೆ.

‘ಸ್ಥಳಾಂತರಿತ’ ಅಂದರೆ ಅಂಗಡಿಯ ಬಾಗಿಲಿಗೆ ಅಂಟಿಸಿದ ಚೀಟಿ ನೆನಪಾಗುತ್ತದೆ. ‘ತೆರವಾದವರು’ ಅನ್ನೋಣವೆಂದರೆ ಒತ್ತುವರಿ ತೆರವಿನ ಜೆಸಿಬಿ ಕಣ್ಣಮುಂದೆ ಬರುತ್ತದೆ. ಬರೀ ‘ಊರು ಬಿಟ್ಟವರು’ ಅಂದರೂ ಸಾಲ ಮಾಡಿ ಓಡಿಹೋದವರ ವಾಸನೆ. ಆದ್ದರಿಂದ ಮೊದಲ ಸಲ ‘ಊರು ಬಿಡಬೇಕಾಗಿ ಬಂದವರು’ ಎಂದು ಪೂರ್ತಿ ಬರೆದು, ಭೇದ ಬೇಕಾದಲ್ಲಿ ‘ಆಜ್ಞೆಯಿಂದ ಬಿಟ್ಟವರು’, ‘ತಾವಾಗಿ ಬಿಟ್ಟವರು’ ಎಂದು ಒಡೆಯಿರಿ. ಉದ್ದವಾಯಿತು ಎಂದು ಸಂಪಾದಕರು ಗೊಣಗಿದರೆ ಗೊಣಗಲಿ.

ಮರಳಲಾಗದ ವಲಯಕ್ಕೆ ಕಂದಾಯ ಇಲಾಖೆಯ ‘ಬೇಚಿರಾಕ್’ ಹೊಂದೀತೆಂದು ಯಾರಿಗಾದರೂ ಅನ್ನಿಸಬಹುದು. ದೀಪವಿಲ್ಲದ ಊರು, ಅಂದರೆ ಯಾರೂ ವಾಸವಿಲ್ಲದ ಊರು, ಎಷ್ಟು ಚೆಂದದ ಪದ! ಆದರೆ ಅಲ್ಲಿ ದೀಪ ಆರಿದರೂ ಎಷ್ಟೋ ಮಂದಿ ವಾಸದ ನೋಂದಣಿಯನ್ನು ಅದೇ ಊರಲ್ಲಿ ಉಳಿಸಿಕೊಂಡಿದ್ದರು. ಬೇಡ.

ಇನ್ನು ಪ್ರಶ್ನಾವಳಿ. ‘ನರದೌರ್ಬಲ್ಯ’ವನ್ನು ಕೂಡಲೇ ತೆಗೆಯಿರಿ. ಬಸ್‌ಸ್ಟ್ಯಾಂಡ್ ಗೋಡೆಯ ಜಾಹೀರಾತು ಓದಿದ ಯಾವ ಗಂಡಸೂ ಅದಕ್ಕೆ ಹೌದು ಎನ್ನುವುದಿಲ್ಲ. ಮೂಲದ ‘ನರ್ವಸ್’ಗೆ ‘ಒಳಗೊಳಗೇ ದಿಗಿಲು’ ಸರಿ. ‘ಎಲ್ಲವೂ ಪ್ರಯತ್ನ’ ಎಂಬುದು ಇನ್ನೂ ಅಪಾಯ: ‘ಪ್ರಯತ್ನ’ ನಮ್ಮಲ್ಲಿ ಒಳ್ಳೆಯ ಮಾತು, ಹುಮ್ಮಸ್ಸಿನಲ್ಲಿ ಇರುವವರೇ ಹೌದು ಎಂದುಬಿಡುತ್ತಾರೆ. ‘ಸಣ್ಣ ಕೆಲಸಕ್ಕೂ ಹೆಣಗಬೇಕು ಅನ್ನಿಸಿತ್ತೇ’ ಎಂದು ಕೇಳಿ. ಕರಡಿನ ಉಳಿದ ಪ್ರಶ್ನೆಗಳಲ್ಲಿ, ಚಡಪಡಿಕೆಯದಕ್ಕೆ ‘ಕೂತಲ್ಲಿ ಕೂರಲಾಗದೆ’ ಸಾಕು. ‘ಖಿನ್ನತೆ’ ಕಾಯಿಲೆಯ ಹೆಸರಾಗಿಬಿಟ್ಟಿದೆ, ‘ಏನು ಮಾಡಿದರೂ ಗೆಲುವಾಗದಷ್ಟು ಮನಸ್ಸು ಕುಗ್ಗಿತ್ತೇ’ ಇರಲಿ. ‘ನಿಷ್ಪ್ರಯೋಜಕ’ ಬೈಗುಳ, ‘ನಾನು ಯಾತಕ್ಕೂ ಬೇಡವಾದೆ’ ಅನ್ನಿ.

ಇಷ್ಟು ಕೆದಕುವುದಕ್ಕೆ ಕಾರಣವಿದೆ. ಆರು ಪ್ರಶ್ನೆ, ಒಂದೊಂದಕ್ಕೆ 0ರಿಂದ 4, ಒಟ್ಟು 24. 13 ಅಥವಾ ಹೆಚ್ಚು ಬಂದರೆ ತೀವ್ರ ಸಂಕಟವೆಂದು ಲೆಕ್ಕ. ಫುಕುಶಿಮಾ ವೈದ್ಯಕೀಯ ವಿಶ್ವವಿದ್ಯಾಲಯದ ಮೊದಲ ಸಮೀಕ್ಷೆಯಲ್ಲಿ ಆಜ್ಞೆಯ ವಲಯದ ವಯಸ್ಕರಲ್ಲಿ ಶೇ. 14.6 ಮಂದಿ ಆ ಗೆರೆ ದಾಟಿದ್ದರು. ಜಪಾನಿನ ಸಾಮಾನ್ಯ ಜನರಲ್ಲಿ ಅದು ಸುಮಾರು ಶೇ. 3. ಅಂಕ ಹೆಚ್ಚಿದವರ ಮನೆಗೆ ಮನಶ್ಶಾಸ್ತ್ರಜ್ಞರು, ದಾದಿಯರು ಫೋನ್ ಮಾಡುತ್ತಿದ್ದರು. ಇಂಥ ಪಟ್ಟಿಯಲ್ಲಿ ಎರಡು ಪದ ಅಡ್ಡ ಬಿದ್ದರೆ ನಾಲ್ಕೈದು ಅಂಕ ಏರುಪೇರು, ಫೋನ್ ಹೋಗಬೇಕಾದ ಮನೆ ಪಟ್ಟಿಯಿಂದಲೇ ಬಿಟ್ಟುಹೋಗುತ್ತದೆ. ಉತ್ತರದ ಐದು ಮೆಟ್ಟಿಲನ್ನು ‘ಒಮ್ಮೆಯೂ ಇಲ್ಲ, ಅಪರೂಪಕ್ಕೆ, ಕೆಲವು ಹೊತ್ತು, ಬಹುಪಾಲು ಹೊತ್ತು, ಯಾವಾಗಲೂ’ ಎಂದಿಡಿ. ‘ಆಗಾಗ’ ಬೇಡ, ಅದು ಕಡಿಮೆಯೋ ಹೆಚ್ಚೋ ಎಂದು ಓದುಗರು ಜಗಳವಾಡುತ್ತಾರೆ. ಮೂಲ ನೋಡದವರೊಬ್ಬರಿಂದ ಕನ್ನಡದಿಂದ ಇಂಗ್ಲಿಷಿಗೆ ಮರಳಿ ಅನುವಾದ ಮಾಡಿಸಿ. ಬಳಿಕ ಬೀದರ, ಮಂಗಳೂರು, ಮಂಡ್ಯದ ಕಡೆಯ ಕೆಲವರಿಗೆ ಓದಿ ಹೇಳಿ, ಏನು ತಿಳಿಯಿತೆಂದು ಅವರ ಮಾತಿನಲ್ಲೇ ಹೇಳಿಸಿ.

ಇನ್ನೊಂದು. ಕರಡಿನ ‘ವಿಕಿರಣದ ಮೈಲಿಗೆ’ ಓದಿ ಎದೆ ಝಲ್ಲೆಂದಿತು. ಯೊಕೊಹಾಮಾಗೆ ಬಂದ ಫುಕುಶಿಮಾದ ಹುಡುಗನೊಬ್ಬನನ್ನು ಸಹಪಾಠಿಗಳು ‘ಕಿನ್’, ಅಂದರೆ ರೋಗಾಣು, ಎಂದು ಕರೆದು ಕಾಡಿದ್ದು 2016ರಲ್ಲಿ ಬಯಲಾಯಿತು. ನಾವು ವಿಕಿರಣ ತಾಗಿದ್ದಕ್ಕೆ ಮೈಲಿಗೆ ಅಂದರೆ ಜಾತಿಯ ಹೊರೆಯನ್ನೂ ಆ ಮಗುವಿನ ಮೇಲೆ ಹೊರಿಸಿದಂತೆ. ‘ವಿಕಿರಣದ ಧೂಳು ಕೂತ’ ಅನ್ನಿ. ಧೂಳಾದರೆ ತೊಳೆಯಬಹುದು, ಅಲ್ಲಿನವರು ಛಾವಣಿಗಳನ್ನು ತೊಳೆದದ್ದೂ ಹೊಲದ ಮೇಲ್ಮಣ್ಣು ಕೆರೆದು ಚೀಲಕ್ಕೆ ತುಂಬಿದ್ದೂ ಅದನ್ನೇ.