ಪ್ರಾಸ್ಟೇಟ್ ಆಪರೇಷನ್ ಆದ್ಮೇಲೆ ಗಂಡ ಹೆಂಡ್ತಿ ಸಂಬಂಧ ಇಷ್ಟೇನಾ?

ಸಂಕೋಚದವನು: ಎಲ್ರಿಗೂ ನಮಸ್ಕಾರ. ವಯಸ್ಸು ಅರವತ್ತರ ಹತ್ರ, ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೋಬೋಟಿಕ್ ಸರ್ಜರಿ ಆಗಿ ಅರ್ಧ ವರ್ಷದ ಮೇಲಾಯ್ತು. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮಾಡೋ ರಕ್ತ ಪರೀಕ್ಷೆ) ರಿಪೋರ್ಟ್ ಚೆನ್ನಾಗಿದೆ, ಮೂತ್ರ ಸೋರೋದೂ ಹೆಚ್ಚುಕಮ್ಮಿ ನಿಂತಿದೆ, ಆದ್ರೆ ನಿಮಿರೋದು ಅನ್ನೋದು ಇಲ್ವೇ ಇಲ್ಲ. ನರ ಉಳಿಸಿದೀವಿ ಅಂದಿದ್ರು ಡಾಕ್ಟ್ರು, ಮಾತ್ರೆನೂ ಕೊಟ್ರು, ಏನೂ ಪ್ರಯೋಜನ ಇಲ್ಲ. ಹೆಂಡ್ತಿ "ನೀವು ಚೆನ್ನಾಗಿದ್ರೆ ಸಾಕು" ಅಂದ್ಬಿಟ್ಟು ಸುಮ್ನಾಗ್ತಾಳೆ, ನಾನೂ ಆ ಮಾತು ಎತ್ತಲ್ಲ, ಈಗ ಪಕ್ಕದಲ್ಲಿ ಕೂತು ಕೈ ಹಿಡಿಯೋಕೂ ಹಿಂಜರಿಕೆ, ಎಲ್ಲಿ ಅಲ್ಲಿಂದ ಮುಂದಕ್ಕೆ ಹೋಗ್ಬೇಕಾಗುತ್ತೋ ಅಂತ.

ಹಳೇ ಪೇಷಂಟ್: ಸರ್, ಇನ್ನೂ ಬೇಗ ಆಯ್ತು. ನರ ಕತ್ತರಿಸದೇ ಇದ್ರೂ ಆಪರೇಷನ್ ಟೈಮಲ್ಲಿ ಎಳೆದಾಡಿರ್ತಾರಲ್ಲ, ಅದು ಸುಧಾರಿಸ್ಕೊಳ್ಳೋಕೆ 18ರಿಂದ 24 ತಿಂಗಳು, ಕೆಲವ್ರಿಗೆ ಇನ್ನೂ ಜಾಸ್ತಿನೇ ಹಿಡಿಯುತ್ತೆ. ಎಲ್ರಿಗೂ ಪೂರ್ತಿ ವಾಪಸ್ ಬರುತ್ತೆ ಅಂತ ಹೇಳಲ್ಲ. ಸಿಲ್ಡೆನಾಫಿಲ್, ಟಡಾಲಾಫಿಲ್ ಅಂತ ನಿಮಿರೋಕೆ ಕೊಡೋ ಮಾತ್ರೆಗಳೆಲ್ಲ ನರದಿಂದ ಸಿಗ್ನಲ್ ಬಂದ್ರೆ ಮಾತ್ರ ಕೆಲ್ಸ ಮಾಡೋದು, ಅದಕ್ಕೇ ಈಗ ಸೋತ ಮಾತ್ರೆ ಮುಂದಿನ ವರ್ಷ ಹಿಡಿದ್ರೂ ಹಿಡೀಬಹುದು (ಹಾರ್ಟ್‌ಗೆ ನೈಟ್ರೇಟ್ ಮಾತ್ರೆ ತಗೋತಿದ್ರೆ ಇವನ್ನ ಮುಟ್ಲೇಬೇಡಿ, ಬಿಪಿ ಅಪಾಯದ ಮಟ್ಟಕ್ಕೆ ಬೀಳುತ್ತೆ). ಅಲ್ಲೀವರೆಗೂ ವ್ಯಾಕ್ಯೂಮ್ ಪಂಪ್ ಇದೆ, ಗಾಳಿ ಎಳೆದು ರಕ್ತ ತುಂಬಿಸಿ ನಿಮಿರಿಸೋ ಕೊಳವೆ, ಅದಕ್ಕೆ ನರದ ಹಂಗಿಲ್ಲ, ನಿಮಿರಿದ್ದು ನಿಲ್ಲೋಕೆ ಬುಡಕ್ಕೆ ಹಾಕೋ ರಿಂಗ್ ಮಾತ್ರ ಅರ್ಧ ಗಂಟೆ ಒಳಗೆ ತೆಗೀಬೇಕು. ಅಲ್ಲಿಗೇ ಹಾಕ್ಕೊಳ್ಳೋ ಇಂಜೆಕ್ಷನ್ನೂ ಇದೆ, ಕೇಳೋಕೇ ಭಯ ಆಗುತ್ತೆ ಗೊತ್ತು, ಸೂಜಿ ತುಂಬಾ ಸಣ್ಣದು, ಡೋಸ್ ಡಾಕ್ಟ್ರ ಮುಂದೆನೇ ಗೊತ್ತುಮಾಡ್ಕೋಬೇಕು. ನಿಮಿರಿದ್ದು 4 ಗಂಟೆ ಆದ್ರೂ ಇಳೀದಿದ್ರೆ ನಾಚ್ಕೊಂಡು ಕೂರದೆ ಎಮರ್ಜೆನ್ಸಿಗೆ ಓಡಿ. ಇದ್ಯಾವುದೂ ಆಗ್ಲಿಲ್ಲ ಅಂದ್ರೆ ಒಳಗೇ ಸಾಧನ ಕೂರಿಸೋ ಇಂಪ್ಲಾಂಟ್ ಆಪರೇಷನ್, ಆ ಮಾತು ಈಗ್ಲೇ ಬೇಡ.

ಸಂಕೋಚದವನು: ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು, ಒಂದ್ಸಲ ನಿಮಿರದೇನೇ ಸುಖದ ತುದಿ ಮುಟ್ಟಿದ ಹಾಗಾಯ್ತು, ಆದ್ರೆ ಏನೂ ಬರ್ಲಿಲ್ಲ, ಸ್ವಲ್ಪ ಮೂತ್ರ ಸೋರಿತು. ಗಾಬರಿ ಆಯ್ತು.

ಹಳೇ ಪೇಷಂಟ್: ಗಾಬರಿ ಬೇಡ. ಪ್ರಾಸ್ಟೇಟು, ವೀರ್ಯದ ಚೀಲ ಎರಡೂ ತೆಗೆದ್ಮೇಲೆ ವೀರ್ಯ ಬರಲ್ಲ, ಸುಖಕ್ಕೆ ಬೇರೆ ನರ, ಅದು ಉಳಿದಿರುತ್ತೆ. ಮೊದ್ಲೇ ಮೂತ್ರ ಮಾಡ್ಕೊಂಡು ಬನ್ನಿ, ಕೆಗೆಲ್ ವ್ಯಾಯಾಮ (ಮೂತ್ರ ತಡೆಯೋ ಸ್ನಾಯು ಬಿಗಿ ಹಿಡಿದು ಬಿಡೋದು) ಬಿಡ್ಬೇಡಿ.

ಪೇಷಂಟ್ ಹೆಂಡ್ತಿ: ಅಣ್ಣ, ನಿಮ್ಮನೆಯವರ ಕಡೆಯಿಂದ ಒಂದ್ಮಾತು. ನಮ್ಮೆಜಮಾನ್ರಿಗೆ ರೇಡಿಯೇಷನ್ ಜೊತೆ ಹಾರ್ಮೋನ್ ಇಂಜೆಕ್ಷನ್ನೂ ಇತ್ತು, ಟೆಸ್ಟೋಸ್ಟೆರಾನ್ ಇಳಿದು ಆಸೆನೇ ಹೋಗಿತ್ತು, ಅದು ಔಷಧಿಯಿಂದ ಅಂತ ಗೊತ್ತಾಗೋವರೆಗೂ ಅವ್ರಿಗೆ ನಾನೇ ಬೇಡ ಅಂದ್ಕೊಂಡಿದ್ದೆ. ನೀವು ಕೈ ಹಿಡಿಯೋದು ಬಿಟ್ರೆ ಅವ್ರೂ ಹಾಗೇ ಅಂದ್ಕೋತಾರೆ. "ಸಾಕು" ಅಂತಾರಲ್ಲ, ನಿಮಗೆ ನೋವಾಗ್ಬಾರ್ದು ಅಂತ ಇರುತ್ತೆ ಅಷ್ಟೇ. ಇವತ್ತು ಅಪ್ಪುಗೆ ಅಷ್ಟೇ, ಮುಂದಕ್ಕೆ ಏನೂ ಇಲ್ಲ ಅಂತ ಮೊದ್ಲೇ ಬಾಯ್ಬಿಟ್ಟು ಹೇಳ್ಕೊಳ್ಳಿ, ಆಗ ಇಬ್ರಿಗೂ ಹೆದ್ರಿಕೆ ಇರಲ್ಲ, ಮುಟ್ಟೋದು ಮುದ್ದಾಡೋದು ಎಲ್ಲ ನಿಮಿರೋತನಕ ಕಾಯ್ಬೇಕು ಅಂತ ಏನಿದೆ. ಮುಂದಿನ ಸಲ ಡಾಕ್ಟ್ರ ಹತ್ರ ಹೋಗೋವಾಗ ಅವ್ರನ್ನೂ ಒಳಗೆ ಕರ್ಕೊಂಡ್ಹೋಗಿ, ಪಂಪ್ ಇಂಜೆಕ್ಷನ್ ವಿಚಾರ ಅವ್ರೂ ಕಿವಿಯಾರೆ ಕೇಳ್ಲಿ.