ಎನ್‌ಎಂಎಂಎಸ್ ಬರೆಸಿದವರು ಯಾರಾದರೂ ಇದ್ದೀರಾ? ಮಗ ಎಂಟನೇ ಕ್ಲಾಸು

ಮದ್ದೂರು ಕಡೆಯ ಅಪ್ಪ:
ಎಲ್ಲರಿಗೂ ನಮಸ್ಕಾರ. ಮಗ ಸರ್ಕಾರಿ ಹೈಸ್ಕೂಲು, ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಎನ್‌ಎಂಎಂಎಸ್ (ಬಡ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ) ಪರೀಕ್ಷೆ ಕಟ್ಟಿಸಿ, ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ ಅಂತ ಅವರ ಮೇಷ್ಟ್ರು ಹೇಳಿದರು. ನಮಗಿರುವುದು ಒಂದೂವರೆ ಎಕರೆ ಕಬ್ಬು. ಟ್ಯೂಷನ್‌ಗೆ ಹಾಕಲೇಬೇಕಾ? ಮನೆಯಲ್ಲೇ ಓದಿಸಿದರೆ ಆಗುತ್ತಾ? ಬರೆಸಿದವರು ಹೇಳಿ.

ಪಾಂಡವಪುರದಿಂದ:
ಅಣ್ಣ, ನನ್ನ ಮಗ ಬರೆದು ಆಯ್ಕೆಯಾದ, ಈಗ ಹತ್ತನೇ ಕ್ಲಾಸು. ಟ್ಯೂಷನ್‌ಗೆ ಹಾಕಿರಲಿಲ್ಲ. ಮೊದಲು ಕಟ್ಟಲು ಬರುತ್ತಾ ನೋಡಿಕೊಳ್ಳಿ. ಸರ್ಕಾರಿ ಅಥವಾ ಅನುದಾನಿತ ಶಾಲೆ ಆಗಿರಬೇಕು, ಏಳನೇ ಕ್ಲಾಸಿನಲ್ಲಿ ಶೇ. 55 ಬಂದಿರಬೇಕು (ಎಸ್‌ಸಿ, ಎಸ್‌ಟಿ ಮಕ್ಕಳಿಗೆ 50), ಅಪ್ಪ ಅಮ್ಮನ ಆದಾಯ ವರ್ಷಕ್ಕೆ 3.5 ಲಕ್ಷ ದಾಟಬಾರದು. ನವೋದಯ, ಕೇಂದ್ರೀಯ ವಿದ್ಯಾಲಯ, ಮೊರಾರ್ಜಿ ವಸತಿ ಶಾಲೆ, ಖಾಸಗಿ ಶಾಲೆ ಇವರಿಗೆಲ್ಲ ಇಲ್ಲ. ನಿಮ್ಮದು ಸರಿ ಇದೆ.

ಪೇಪರ್ ಎರಡು. ಒಂದು ಮ್ಯಾಟ್, ಅಂದರೆ ಬುದ್ಧಿಗೆ ಕೆಲಸ ಕೊಡುವ ಪ್ರಶ್ನೆಗಳು. ಇನ್ನೊಂದು ಸ್ಯಾಟ್, ಅದು ಏಳು ಎಂಟನೇ ಕ್ಲಾಸಿನ ವಿಜ್ಞಾನ, ಸಮಾಜ, ಗಣಿತ. ಒಂದೊಂದರಲ್ಲಿ 90 ಪ್ರಶ್ನೆ, 90 ನಿಮಿಷ. ಸ್ಯಾಟ್‌ಗೆ ಪುಸ್ತಕ ಇದೆ, ಓದುತ್ತಾನೆ ಬಿಡಿ. ಮಕ್ಕಳು ಕಂಗಾಲಾಗುವುದು ಮ್ಯಾಟ್‌ನಲ್ಲಿ, ಯಾಕೆಂದರೆ ಅಂಥ ಪ್ರಶ್ನೆಯನ್ನು ಅವರು ಕ್ಲಾಸಿನಲ್ಲಿ ನೋಡಿಯೇ ಇರುವುದಿಲ್ಲ. ನಮ್ಮವನು ಮೊದಲ ಸಲ ಹಳೇ ಪೇಪರ್ ಹಿಡಿದಾಗ 90ಕ್ಕೆ 31 ಮಾಡಿ, ಅತ್ತುಕೊಂಡು ಹಿತ್ತಿಲಿಗೆ ಹೋಗಿ ಕೂತಿದ್ದ!

ಆಮೇಲೆ ಗೊತ್ತಾಯಿತು, ಅವನು ತಪ್ಪುತ್ತಿದ್ದದ್ದು ಲೆಕ್ಕದಲ್ಲಲ್ಲ, ಇಂಗ್ಲಿಷ್ ಅಕ್ಷರದಲ್ಲಿ. ಕೋಡಿಂಗ್ ಪ್ರಶ್ನೆಯಲ್ಲಿ (ಅಕ್ಷರದ ಬದಲು ಅಂಕಿ ಅಥವಾ ಬೇರೆ ಅಕ್ಷರ ಇಟ್ಟು ಕೇಳುವಂಥದ್ದು) ಆರ್ ಎಷ್ಟನೇ ಅಕ್ಷರ ಅಂತ ಗೊತ್ತಾಗಬೇಕು. ಇವನು ಎ ಇಂದ ಬೆರಳು ಎಣಿಸುತ್ತಾ ಕೂರುತ್ತಿದ್ದ, ಅಲ್ಲಿಗೆ ಅರ್ಧ ನಿಮಿಷ ಹೋಯಿತು. ಅವರ ಮೇಡಂ ಒಂದು ಉಪಾಯ ಹೇಳಿಕೊಟ್ಟರು: ಇ, ಜೆ, ಓ, ಟಿ, ವೈ. ಇವು 5, 10, 15, 20, 25. ಆರ್ ಬೇಕಾದರೆ ಟಿಯಿಂದ ಎರಡು ಹಿಂದೆ, 18. ಅಷ್ಟೇ. ಅಡುಗೆ ಮಾಡುತ್ತಾ ನಾನೇ ಕೇಳುತ್ತಿದ್ದೆ, ಎಲ್ ಎಷ್ಟು, ಡಬ್ಲ್ಯೂ ಎಷ್ಟು ಅಂತ. ಈಗ ನನಗೂ ಬಾಯಿಪಾಠ. ಸಂಬಂಧದ ಪ್ರಶ್ನೆ (ಅವಳ ತಾಯಿಯ ಅಣ್ಣನ ಮಗ ಇವನಿಗೆ ಏನಾಗಬೇಕು ಅನ್ನೋ ಥರದ್ದು) ನಮ್ಮ ಮಕ್ಕಳಿಗೆ ಸುಲಭ ಆಗಬೇಕು ಅಲ್ವಾ, ಊರ ತುಂಬಾ ನೆಂಟರೇ! ಆದರೂ ತಲೆಯಲ್ಲೇ ಮಾಡಬಾರದು, ಗೆರೆ ಎಳೆದು ಬರೆದುಕೊಂಡೇ ಮಾಡಬೇಕು. ದಿನಾ ಅರ್ಧ ಗಂಟೆ, ಗಡಿಯಾರ ಇಟ್ಟುಕೊಂಡು, ಹಳೇ ಪೇಪರ್. ಮೂರು ತಿಂಗಳಲ್ಲಿ 60 ದಾಟಿದ.

ಕೆ.ಆರ್. ಪೇಟೆ ತಾಲ್ಲೂಕಿನ ಮೇಷ್ಟ್ರು:
ಮೇಲಿನವರು ಸರಿಯಾಗಿ ಹೇಳಿದ್ದಾರೆ. ಒಂದು ಸೇರಿಸುತ್ತೇನೆ. ಶೇ. 40, ಅಂದರೆ ಎರಡೂ ಸೇರಿ 180ಕ್ಕೆ 72 ಬಂದರೆ ಅರ್ಹತೆ (ಎಸ್‌ಸಿ, ಎಸ್‌ಟಿಗೆ ಶೇ. 32). ತುಂಬಾ ಪೋಷಕರು 72 ಬಂತು, ದುಡ್ಡು ಬಂತು ಅಂದುಕೊಳ್ಳುತ್ತಾರೆ. ಹಾಗಲ್ಲ. ದೇಶಕ್ಕೆಲ್ಲ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿವೇತನ, ಅದರಲ್ಲಿ ಕರ್ನಾಟಕದ ಪಾಲು 5,534. ಅದನ್ನು ಜಿಲ್ಲೆ, ಮೀಸಲಾತಿ ನೋಡಿ ಹಂಚುತ್ತಾರೆ. ನಿಮ್ಮ ಹುಡುಗನಿಗೆ ಪೈಪೋಟಿ ಮಂಡ್ಯ ಜಿಲ್ಲೆಯ ಮಕ್ಕಳದ್ದೇ. 72 ಬರೀ ಬಾಗಿಲು, ಗುರಿ 110, 120 ಇಟ್ಟುಕೊಳ್ಳಿ.

ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬಾರದು. ಓಎಂಆರ್ ಶೀಟ್‌ನ (ಉತ್ತರದ ಗುಂಡಿ ತುಂಬುವ ಹಾಳೆ) ಜೆರಾಕ್ಸ್ ತಂದು ಮನೆಯಲ್ಲಿ ತುಂಬಿಸಿ. ನಮ್ಮ ಶಾಲೆಯ ಜಾಣ ಹುಡುಗಿ ಒಬ್ಬಳು 23ನೇ ಪ್ರಶ್ನೆ ಆಮೇಲೆ ಮಾಡೋಣ ಅಂತ ಬಿಟ್ಟಳು, 24ರ ಉತ್ತರವನ್ನು 23ರ ಗುಂಡಿಗೆ ತುಂಬಿದಳು, ಅಲ್ಲಿಂದ ಮುಂದೆ ಎಲ್ಲಾ ಒಂದೊಂದು ಮನೆ ಜರುಗಿತು. ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಮೈಸೂರಿನಿಂದ, ಎರಡನೇ ಪಿಯು ಹುಡುಗಿ:
ಅಂಕಲ್, ಪರೀಕ್ಷೆ ವಿಷಯ ಎಲ್ಲರೂ ಹೇಳುತ್ತಾರೆ, ಆಮೇಲಿನದ್ದು ಯಾರೂ ಹೇಳುವುದಿಲ್ಲ. ಲಿಸ್ಟ್‌ನಲ್ಲಿ ಹೆಸರು ಬಂದರೆ ದುಡ್ಡು ತಾನಾಗಿ ಬರಲ್ಲ. ಒಂಬತ್ತನೇ ಕ್ಲಾಸಿಗೆ ಹೋದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಶಾಲೆಯವರು ಪರಿಶೀಲಿಸಬೇಕು, ಜಿಲ್ಲೆಯವರು ಪರಿಶೀಲಿಸಬೇಕು. ಆಮೇಲೆ ಪ್ರತಿ ವರ್ಷ ರಿನ್ಯೂವಲ್. ಶಾಲೆ ಲಾಗಿನ್‌ನಲ್ಲಿ ಅರ್ಜಿ ಸುಮ್ನೆ ಬಿದ್ದಿದ್ದರೆ ಕಥೆ ಮುಗಿಯಿತು.

ನನ್ನದು ಏನಾಯಿತು ಗೊತ್ತಾ? ಶಾಲೆ ದಾಖಲೆಯಲ್ಲಿ ಹೆಸರಿನ ಹಿಂದೆ ಇನಿಷಿಯಲ್, ಆಧಾರ್‌ನಲ್ಲಿ ಮುಂದೆ ಅಪ್ಪನ ಪೂರ್ತಿ ಹೆಸರು. ತಾಳೆ ಆಗಲಿಲ್ಲ. ಅದನ್ನು ಸರಿ ಮಾಡಿಸಲು ಅಪ್ಪ ಎರಡು ದಿನದ ಕೂಲಿ ಬಿಟ್ಟು ಓಡಾಡಿದರು. ಅದು ಮುಗಿದ ಮೇಲೆ ದುಡ್ಡು ಬಂತು ಅಂತ ಪೋರ್ಟಲ್‌ನಲ್ಲಿದೆ, ಪಾಸ್‌ಬುಕ್‌ನಲ್ಲಿ ಇಲ್ಲ! ನನ್ನ ಹೆಸರಲ್ಲಿ ಹಳೇ ಖಾತೆ ಒಂದಿತ್ತು, ಆಧಾರ್ ಜೋಡಣೆ ಆಗಿದ್ದದ್ದು ಅದಕ್ಕೆ, ದುಡ್ಡು ಅಲ್ಲಿಗೆ ಹೋಗಿ ಕೂತಿತ್ತು. ಮಗನ ಹೆಸರಿನಲ್ಲಿ ಒಂದೇ ಖಾತೆ ಇಟ್ಟು, ಆ ಖಾತೆಗೇ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯಾ ಅಂತ ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ.

ನಂಜನಗೂಡು ಕಡೆಯಿಂದ:
ನನ್ನ ಅಕ್ಕನ ಮಗನದ್ದು ಇನ್ನೊಂದು ಕಥೆ. ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೇ ಮಾರ್ಕ್ಸ್ ಬಂತು ಅಂತ ಮೈಸೂರಿನ ಒಂದು ಖಾಸಗಿ ಪಿಯು ಕಾಲೇಜಿಗೆ ಸೇರಿಸಿದೆವು. ವಿದ್ಯಾರ್ಥಿವೇತನ ಅಲ್ಲಿಗೇ ನಿಂತಿತು. ಮುಂದುವರಿಯಬೇಕಾದರೆ ಪಿಯು ಕೂಡ ಸರ್ಕಾರಿ ಅಥವಾ ಅನುದಾನಿತವೇ ಆಗಬೇಕು, ಹತ್ತನೇ ಕ್ಲಾಸಿನಲ್ಲಿ ಶೇ. 60 ಬೇಕು (ಎಸ್‌ಸಿ, ಎಸ್‌ಟಿಗೆ 55). ನಾಲ್ಕು ವರ್ಷಕ್ಕೆ 48,000 ಅಂತ ಲೆಕ್ಕ ಹಾಕಿದ್ದ ನಮಗೆ ಸಿಕ್ಕಿದ್ದು 24,000. ಕಾಲೇಜು ಬೇಕಾ ದುಡ್ಡು ಬೇಕಾ ಅನ್ನೋದು ನಿಮ್ಮಿಷ್ಟ, ಗೊತ್ತಿದ್ದು ಮಾಡಿ ಅಷ್ಟೇ.

ಶ್ರೀರಂಗಪಟ್ಟಣದಿಂದ:
ಎನ್‌ಎಂಎಂಎಸ್ ಜೊತೆಗೆ ಎನ್‌ಟಿಎಸ್‌ಇಗೂ ತಯಾರಿ ಅಂತ ಹೇಳಿ ನಮ್ಮ ಹತ್ತಿರ ಒಂದು ಕೋಚಿಂಗ್‌ನವರು ಜಾಸ್ತಿ ಫೀಸು ಕಿತ್ತರು. ಎನ್‌ಟಿಎಸ್‌ಇ ಹತ್ತನೇ ಕ್ಲಾಸಿನವರಿಗೆ ಇದ್ದ ಪರೀಕ್ಷೆ, 2021ರಿಂದ ನಿಂತಿದೆ. ಆ ಹೆಸರು ಹೇಳಿ ದುಡ್ಡು ಕೇಳಿದರೆ ಎದ್ದು ಬನ್ನಿ.

ಮದ್ದೂರು ಕಡೆಯ ಅಪ್ಪ:
ಎಲ್ಲರಿಗೂ ದೊಡ್ಡ ನಮಸ್ಕಾರ. ಆಧಾರ್ ತೆಗೆದು ನೋಡಿದೆ, ಹೆಸರು ಸರಿ ಇದೆ, ಹುಟ್ಟಿದ ತಾರೀಕು ಶಾಲೆಯದ್ದಕ್ಕೂ ಇದಕ್ಕೂ ಬೇರೆ ಬೇರೆ! ಸೋಮವಾರ ಆಧಾರ್ ಸೆಂಟರಿಗೆ ಹೋಗಿ, ಹಾಗೇ ನಾಡಕಚೇರಿಯಲ್ಲಿ ಆದಾಯದ ಅರ್ಜಿಯನ್ನೂ ಕೊಟ್ಟು ಬರುತ್ತೇನೆ. ಮಗ ಇಲ್ಲೇ ಕೂತು ಇ, ಜೆ, ಓ, ಟಿ ಅಂತ ಹೇಳುತ್ತಿದ್ದಾನೆ. ಪಾಂಡವಪುರದ ಅಕ್ಕ, ಆ ಹಳೇ ಪೇಪರ್ ನಿಮ್ಮ ಹತ್ತಿರ ಇದ್ದರೆ ಫೋಟೋ ಹಾಕುತ್ತೀರಾ?