ಆರಿದ್ರಾ ನಕ್ಷತ್ರ ಸತ್ತರೆ ಆರಿದ್ರಾ ಮಳೆ ಬರುತ್ತದಾ?

ತೋಟದಮನೆ (ಹೊಸನಗರ ತಾಲ್ಲೂಕು):
ನಮ್ಮಲ್ಲೀಗ ಕೊನೆಕೊಯ್ಲು. ರಾತ್ರಿ ಹತ್ತರ ತನಕ ಅಂಗಳದಲ್ಲಿ ಅಡಿಕೆ ಸುಲಿತ, ಪಕ್ಕದಲ್ಲೇ ಬೇಯಿಸುವ ಹಂಡೆ. ನಿನ್ನೆ ಕರೆಂಟ್ ಹೋಯಿತು. ಮೆಟ್ಟುಗತ್ತಿ ಹತ್ತಿರ ಕೂತಿದ್ದ ಐದನೇ ಕ್ಲಾಸಿನ ಮಗಳು ಪೂರ್ವಕ್ಕೆ ಮುಖ ಮಾಡಿ, "ಅಮ್ಮ, ಅದೊಂದು ಮಾತ್ರ ಯಾಕೆ ಕೆಂಪು?" ಅಂದಳು. ಸಾಲಾಗಿ ಮೂರು ನಕ್ಷತ್ರ ಇದೆಯಲ್ಲ, ಅದರ ಎಡಕ್ಕೆ. ನಮ್ಮ ಮಾವ, "ಅದೇ ಆರಿದ್ರಾ" ಅಂದರು. ಮೊಬೈಲಲ್ಲಿ ಹುಡುಕಿದರೆ ಆ ನಕ್ಷತ್ರ ಸಾಯುವ ಕಾಲಕ್ಕೆ ಬಂದಿದೆ ಅಂತ ಬಂತು. ಮಗಳಿಗೆ ಕಣ್ಣಲ್ಲಿ ನೀರು. "ಹಾಗಾದರೆ ಆರಿದ್ರಾ ಮಳೆ? ಅಜ್ಜನ ಗದ್ದೆ ನಾಟಿ?" ಅಂತ ಕೇಳ್ತಾಳೆ. ತಿಳಿದವರು ಅವಳಿಗೆ ಅರ್ಥ ಆಗೋ ಹಾಗೆ ಹೇಳಿ.

ಹಳೇ ಮೇಷ್ಟ್ರು (ಸಾಗರ):
ಮೊದಲು ಮಗುವಿಗೆ ಧೈರ್ಯ ಹೇಳಿ. ಮಳೆ ತರುವುದು ನಕ್ಷತ್ರವಲ್ಲ. ಸೂರ್ಯ ಆಕಾಶದಲ್ಲಿ ಯಾವ ನಕ್ಷತ್ರದ ಹತ್ತಿರ ಇದ್ದಾನೋ ಅದರ ಹೆಸರನ್ನು ನಮ್ಮ ಹಿರಿಯರು ಆ ದಿನಗಳ ಮಳೆಗೆ ಇಟ್ಟರು. ಜೂನ್ 21-22ಕ್ಕೆ ಸೂರ್ಯ ಆರಿದ್ರೆಗೆ ಬರುತ್ತಾನೆ. ಹಾಗಾಗಿ ಆರಿದ್ರಾ ಮಳೆಯಲ್ಲಿ ಮೋಡ ಹರಿದರೂ ಆರಿದ್ರಾ ಕಾಣುವುದಿಲ್ಲ, ಹಗಲಿನ ಬೆಳಕಿನಲ್ಲೇ ಅದು ಹುಟ್ಟಿ ಮುಳುಗುತ್ತದೆ. ಹೆಸರಿಟ್ಟವರು ಕಾಣದ ನಕ್ಷತ್ರದ ಲೆಕ್ಕ ಇಟ್ಟುಕೊಂಡಿದ್ದರು ಎಂಬುದು ನನಗೆ ಇವತ್ತಿಗೂ ದೊಡ್ಡ ವಿಷಯ.

ಇನ್ನು ಕೆಂಪು. ಕುಲುಮೆಯಲ್ಲಿ ಕತ್ತಿ ಕಾಯಿಸುವುದನ್ನು ಅವಳು ನೋಡಿದ್ದರೆ ಸುಲಭ. ಕಬ್ಬಿಣ ಮೊದಲು ಕೆಂಪಾಗುತ್ತದೆ, ಆಮೇಲೆ ಕಿತ್ತಳೆ, ಇನ್ನೂ ಕಾದರೆ ಹಳದಿ ಬಿಳಿ. ನಕ್ಷತ್ರವೂ ಹಾಗೇ. ಆರಿದ್ರೆಯ ಮೈ ಸುಮಾರು 3,500 ಡಿಗ್ರಿ, ನಮ್ಮ ಸೂರ್ಯನದು 5,500ರ ಆಸುಪಾಸು, ಆ ಮೂರು ನಕ್ಷತ್ರದ ಬಲಕ್ಕಿರುವ ನೀಲಿ ಬಿಳಿಯ ರೈಜೆಲ್ 12,000ದ ಹತ್ತಿರ.

ಸಾವಿನ ವಿಷಯಕ್ಕೆ ನಿಮ್ಮ ಅಂಗಳವೇ ಸಾಕು. ಒಣ ಕಟ್ಟಿಗೆ ತುಂಬಿದ ಹಂಡೆಯ ಒಲೆ ಭುಗಿಲೆದ್ದು ಬೇಗ ಮುಗಿಯುತ್ತದೆ. ಅಡಿಕೆ ಸಿಪ್ಪೆಯ ರಾಶಿಗೆ ತಗುಲಿದ ಕಿಡಿ ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ನಕ್ಷತ್ರದೊಳಗೆ ಉರಿಯುವುದು ಕಟ್ಟಿಗೆಯಲ್ಲ, ಜಲಜನಕ ಕೂಡಿ ಹೀಲಿಯಂ ಆಗುವುದು. ತೂಕ ಹೆಚ್ಚಿದಷ್ಟೂ ಒಳಗಿನ ಒತ್ತಡ ಹೆಚ್ಚು, ದುಂದೂ ಹೆಚ್ಚು. ಪುಟ್ಟ ಕೆಂಪು ಕುಬ್ಜ ನಕ್ಷತ್ರಗಳು ಲಕ್ಷ ಕೋಟಿ ವರ್ಷ ಬದುಕಬಲ್ಲವು. ಸೂರ್ಯನಿಗೆ ಈಗ 460 ಕೋಟಿ ವರ್ಷ, ಇನ್ನೂ ಸುಮಾರು 500 ಕೋಟಿ ಬಾಕಿ. ಆಮೇಲೆ ಉಬ್ಬಿ ಕೆಂಪು ದೈತ್ಯನಾಗಿ, ಹೊರಪದರ ಕಳಚಿ, ಭೂಮಿಯಷ್ಟೇ ಗಾತ್ರದ ಬಿಳಿ ಕುಬ್ಜವಾಗಿ ಉಳಿಯುತ್ತಾನೆ. ಹಾಗೆ ಉಳಿಯುವುದಕ್ಕೂ ಒಂದು ಮಿತಿ ಇದೆ, ಸೂರ್ಯನ 1.4 ಪಟ್ಟು ತೂಕ. 1930ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಈ ಲೆಕ್ಕಕ್ಕೆ ಕೈ ಹಾಕಿದ್ದರು. ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ರೋಮಾಂಚನ.

ಆರಿದ್ರಾ ಬೇರೆ ಜಾತಿ. ಸೂರ್ಯನ ಹತ್ತಾರು ಪಟ್ಟು ತೂಕ. ಸೂರ್ಯನ ಜಾಗದಲ್ಲಿಟ್ಟರೆ ಭೂಮಿ, ಮಂಗಳ ಎರಡೂ ಅದರ ಹೊಟ್ಟೆಯೊಳಗೆ. ಅಷ್ಟು ದೊಡ್ಡದಾದರೂ ವಯಸ್ಸು ಸುಮಾರು ಒಂದು ಕೋಟಿ ವರ್ಷ ಅಷ್ಟೇ. ಗರ್ಭದಲ್ಲಿ ಕಬ್ಬಿಣ ಕೂಡಿಕೊಂಡ ದಿನ ಕಥೆ ಮುಗಿಯಿತು, ಕಬ್ಬಿಣ ಬೆಸೆದರೆ ಶಾಖ ಹುಟ್ಟುವುದಿಲ್ಲ. ಗರ್ಭ ಕುಸಿಯುತ್ತದೆ, ಹೊರಮೈ ಸಿಡಿಯುತ್ತದೆ. ಅದು ಇನ್ನೊಂದು ಲಕ್ಷ ವರ್ಷದೊಳಗೆ ಯಾವತ್ತಾದರೂ ಆಗಬಹುದು.

ಕಾಫಿಕಣ (ಕೊಪ್ಪ):
ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ಗ್ಯಾಸ್ ಒಲೆಯ ನೀಲಿ ಜ್ವಾಲೆ ತೋರಿಸಿ ನಕ್ಷತ್ರದ ಬಣ್ಣ ವಿವರಿಸಬೇಡಿ, ಆ ನೀಲಿಯ ಕಾರಣ ಬೇರೆ. ಕುಲುಮೆಯೇ ಸರಿ.

2019ರ ಕೊನೆಗೆ ಆರಿದ್ರಾ ಮಂಕಾಯಿತಲ್ಲ, ಆಗ ನಾನು ದಿನಾ ರಾತ್ರಿ ಕಾಫಿ ಒಣಗಿಸುವ ಕಣದಲ್ಲಿ ನಿಂತು ಅದನ್ನು ರೋಹಿಣಿಯ ಜೊತೆ ಹೋಲಿಸಿ ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡ್ತಿದ್ದೆ. ಫೆಬ್ರವರಿ 2020ರಲ್ಲಿ "ರೋಹಿಣಿಗಿಂತ ಕಮ್ಮಿ" ಅಂತ ಇದೆ. ಸಿಡಿಯುತ್ತೆ ಅಂತ ಎಷ್ಟೋ ಜನ ಕಾದರು. ಆಮೇಲೆ ಗೊತ್ತಾಯಿತು, ಅದೇ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ನಮ್ಮ ಕಡೆಗೆ ಅಡ್ಡ ಬಂದಿತ್ತು. ಏಪ್ರಿಲ್ ಹೊತ್ತಿಗೆ ಮತ್ತೆ ಹೊಳೆಯಿತು.

ತೋಟದಮನೆ:
ಇಬ್ಬರಿಗೂ ನಮಸ್ಕಾರ. ಮಗಳಿಗೆ ಓದಿ ಹೇಳಿದೆ. ಒಲೆಯಿಂದ ಒಂದು ಕೆಂಡ ಎಳೆದು ಊದುಗೊಳವೆಯಲ್ಲಿ ಊದಿ ಊದಿ, ಕೆಂಪು ಹೋಗಿ ಕಿತ್ತಳೆ ಬರುವುದನ್ನು ತೋರಿಸಿದಳು. ಮೇಷ್ಟ್ರೇ, ಅವಳದು ಇನ್ನೊಂದು ಪ್ರಶ್ನೆ: ಹೀಗೆ ಕೆಂಪಾಗಿರೋದು ಬೇರೆ ಇದೆಯಾ?

ಹಳೇ ಮೇಷ್ಟ್ರು:
ಇದೆ, ಜ್ಯೇಷ್ಠಾ. ಅದೂ ಸಿಡಿಯುವ ಜಾತಿಯೇ. ಜನವರಿ ಕೊನೆಗೆ ಬೆಳಗಿನ ಜಾವ ಐದಕ್ಕೆ ಎಬ್ಬಿಸಿ ಆಗ್ನೇಯ ದಿಕ್ಕಿಗೆ ನೋಡಿಸಿ. ಇಬ್ಬನಿ ಜಾಸ್ತಿ ಇರುತ್ತದೆ, ತಲೆಗೆ ಟೋಪಿ ಹಾಕಿ.